ಹತ್ತೊಂಬತ್ತು ಕಿಲೋ ಹೊರೆ

ಹಾಲವ್ವ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಹಿತ್ತಲ ಬಾಗಿಲಿನಿಂದ ಧಡಧಡನೆ ಒಳಗೆ ನುಗ್ಗಿದಾಗ, ಭಾಗ್ಯಶ್ರೀ ಅಲ್ಲೇ ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತಿದ್ದಳು. ಮನೆ ಹಾಲವ್ವನದಲ್ಲ, ಪಕ್ಕದ ಕರೆವ್ವನದು. ಹೊರೆ ಮಾತ್ರ ಭಾಗ್ಯಶ್ರೀಗೆ ಗುರುತು ಸಿಕ್ಕಿತು. ಮೊಣಕೈಯಂತೆ ಸೊಟ್ಟಗಾದ ಆ ಮತ್ತಿ ಮರದ ಕೊರಡನ್ನು ಅವಳು ಹತ್ತು ನಿಮಿಷದ ಹಿಂದೆ ಹಾಲವ್ವನ ಅಂಗಳದಲ್ಲಿ ತೂಗಿದ್ದಳು. ಅದಕ್ಕೂ ಮೊದಲು ಓಣಿಯ ತುದಿಮನೆಯಲ್ಲಿ ತೂಗಿದ್ದಳು.

ಹಾಲವ್ವ ಏದುಸಿರು ಬಿಡುತ್ತಾ ನಿಂತಳು.

“ಚಾ ಕುಡೀರಿ ಅಂದ್ರ ಒಲ್ಲೆ ಅಂದ್ರಿ,” ಎಂದಳು ಕರೆವ್ವ, ತಪ್ಪೆಲ್ಲ ಭಾಗ್ಯಶ್ರೀಯದೇ ಎಂಬಂತೆ. “ಯಾವಾಗ್ಲೂ ನೀವು ಚಾ ಕುಡಿಯೂದ್ರಾಗ ಹೊರಿ ಬಂದಿರ್ತಿತ್ತು.”

ಕಾಡು ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಅದರಲ್ಲಿ ಎಷ್ಟು ಕಡಿದರೆ ಕಾಡಿಗೆ ನೋವಾಗುವುದಿಲ್ಲ ಎಂದು ಲೆಕ್ಕ ಹಾಕುವುದು ಭಾಗ್ಯಶ್ರೀಯ ಸಂಶೋಧನೆ. ಬೆಳೆಯುವುದನ್ನು ಅಳೆಯುವುದು ಸುಲಭ, ಮರ ಎಲ್ಲಿಗೂ ಓಡುವುದಿಲ್ಲ. ಕಡಿಯುವುದನ್ನು ಅಳೆಯಲು ಮೂರು ವರ್ಷಗಳಿಂದ ಅವಳು ಅಕ್ಕಿಆಲೂರಿನ ಬಸ್ಸು ಹಿಡಿದು ಆಡೂರಿನ ಆಚೆಯ ಈ ಊರಿಗೆ ಬರುತ್ತಿದ್ದಳು, ಮನೆಮನೆಯ ವಾರದ ಹೊರೆ ತೂಗುತ್ತಿದ್ದಳು. ಮಳೆಗಾಲದಲ್ಲೂ ಮನೆಗೆ ಹತ್ತೊಂಬತ್ತು ಕಿಲೋ, ಬೇಸಿಗೆಯಲ್ಲೂ ಹತ್ತೊಂಬತ್ತು. “ಇಷ್ಟು ಶಿಸ್ತಿನ ಅಂಕಿ ನನ್ನ ಜನ್ಮದಲ್ಲಿ ನೋಡಿಲ್ಲ,” ಎಂದಿದ್ದರು ಸಂಸ್ಥೆಯ ನಿರ್ದೇಶಕರು. ಶುಕ್ರವಾರ ವರದಿ ಮಂಡಿಸಿದರೆ ಅವಳ ತಾತ್ಕಾಲಿಕ ಕೆಲಸ ಕಾಯಂ. ಈ ಊರಿನವರು ಕಾಡನ್ನು ಬರಿದು ಮಾಡುತ್ತಿದ್ದಾರೆ, ಐದು ವರ್ಷ ಯಾರನ್ನೂ ಒಳಗೆ ಬಿಡಬಾರದು ಎಂಬುದು ವರದಿಯ ಕೊನೆಯ ಸಾಲು. ಅದಕ್ಕೇ ಇವತ್ತು ಅವಸರ, ಅದಕ್ಕೇ ಚಹಾ ಬೇಡ.

“ಅಂದ್ರ, ಮೂರೂ ವರ್ಷ ಇದ ಒಂದ ಹೊರಿ?” ಎಂದಳು ಭಾಗ್ಯಶ್ರೀ.

“ಛೇ, ಒಂದ ಅಲ್ರಿ ಅಕ್ಕಾರ,” ಹಾಲವ್ವ ಹೊರೆಯ ಕೆಳಗಿನಿಂದಲೇ ಬಾಯಿ ಹಾಕಿದಳು. “ಹ್ವಾದ ವರ್ಷ ಗೆದ್ಲ ಹತ್ತಿತ್ತು. ಹೊಸಾದು ಕಟ್ಟೇವಿ.”

“ಆಚಿ ಓಣ್ಯಾಗ?”

“ಅವರದು ಬ್ಯಾರೆ ಐತ್ರಿ. ನಮ್ಮದರಷ್ಟು ಚಲೋ ಇಲ್ಲ.”

ಭಾಗ್ಯಶ್ರೀಗೆ ನಗು ಬಂತು. ಅವಳು ಒರಳಿನ ಮೇಲೆ ಕುಕ್ಕರಿಸಿದಳು. “ಮತ್ತ ಒಲಿಗೆ ಏನು ಹಾಕಿ ಉರಸ್ತೀರಿ ಯವ್ವಾ?”

“ಗ್ಯಾಸ್ ಐತಲ್ರಿ. ರೊಟ್ಟಿಗೆ, ಜಳಕದ ನೀರಿಗೆ ಗೋವಿನಜೋಳದ ಬೆಂಡು. ಕಾಳು ಬಿಡಿಸಿದ ಮ್ಯಾಲೆ ರಾಶಿಗಟ್ಟಲೆ ಬಿದ್ದಿರ್ತಾವು,” ಎಂದಳು ಕರೆವ್ವ. “ಅಡವಿಗೆ ಹೋಗಿ ಆರು ವರ್ಷ ಆತು. ಅಷ್ಟು ದೂರ ಹೋಗಾಕ ಈ ಮೊಣಕಾಲು ಕೇಳಬೇಕಲ್ಲ?”

“ಹಂಗಂತ ಮೊದಲನೇ ದಿನಾನ ಹೇಳಬಾರದಿತ್ತಾ?”

“ಹೆಂಗ ಹೇಳೂದ್ರಿ? ಬಿಸಲಾಗ ಕಟಗಿ ನೋಡಾಕಂತ ಬಂದೀರಿ, ತಕ್ಕಡಿ ಬ್ಯಾರೆ ತಂದೀರಿ. ಬರಿಗೈಲೆ ಕಳಸಾಕ ನಾವೇನು ಮನಷ್ಯಾರಲ್ಲೇನು?”

ಹಾಲವ್ವ ಕುತ್ತಿಗೆ ಅಲುಗಿಸದೆ ಕಣ್ಣನ್ನಷ್ಟೇ ಹೊರಳಿಸಿದಳು. “ಅಕ್ಕಾರ, ಇನ್ನೂ ನಾಲ್ಕು ಮನಿ ಅದಾವು. ಹೊರಿ ಒಯ್ಯಲೋ, ಬ್ಯಾಡೋ?”

ಭಾಗ್ಯಶ್ರೀ ನೋಟುಪುಸ್ತಕ ತೆರೆದಳು. ಇನ್ನು ನಾಲ್ಕು ಮನೆ, ಅರ್ಧ ತಾಸು. ಆಮೇಲೆ ಶುಕ್ರವಾರ, ಆಮೇಲೆ ಕಾಯಂ ಕೆಲಸ. ನಿರ್ದೇಶಕರಂತೂ ಈ ಓಣಿಗೆ ಬಂದು ಕಟ್ಟಿಗೆಯ ಮುಖ ನೋಡುವವರಲ್ಲ. ಕಾಡಿಗೂ ಐದು ವರ್ಷ ಬೇಲಿ ಬಿದ್ದರೆ ಒಳ್ಳೆಯದೇ ಅಲ್ಲವೇ? ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಹಿತ್ತಲಲ್ಲಿ ಒಂದು ಕೋಳಿ ಮಣ್ಣು ಕೆದರುತ್ತಿತ್ತು.

“ಬ್ಯಾಡ,” ಎಂದಳು. ಕರೆವ್ವನ ಹೆಸರಿನ ಮುಂದೆ ಒಂದು ಸೊನ್ನೆ ಬರೆದಳು.

ಕರೆವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಸೊನ್ನೆ ಗೊತ್ತಿತ್ತು. ಬಗ್ಗಿ ನೋಡಿದವಳ ಮುಖ ಕೆಂಪಾಯಿತು. “ಹಾಲವ್ವಗ ಹತ್ತೊಂಬತ್ತು ಬರಕೊಂಡೀರಿ, ನನಗ ಸೊನ್ನಿ? ಓಣ್ಯಾಗ ಹೆಂಗ ತಲಿ ಎತ್ತಲಿ ನಾನು?”

ಭಾಗ್ಯಶ್ರೀ ಹಾಲವ್ವನ ಹತ್ತೊಂಬತ್ತನ್ನೂ ಹೊಡೆದು ಹಾಕಿದಳು. ತುದಿಮನೆಯದನ್ನೂ ಹೊಡೆದಳು. ಹಿಂದಿನ ಹಾಳೆ ತಿರುವಿದಳು, ಅದರ ಹಿಂದಿನದನ್ನೂ ತಿರುವಿದಳು. ಮೂರು ವರ್ಷದ ಅಂಕಿಗಳ ಮೇಲೆ ಪೆನ್ನು ಪರಪರ ಓಡಿತು.

ಹಾಲವ್ವ ನಿಂತಲ್ಲೇ ಎಲ್ಲವನ್ನೂ ನೋಡುತ್ತಿದ್ದಳು. ಹೊರೆ ಇನ್ನೂ ಅವಳ ತಲೆಯ ಮೇಲೆಯೇ ಇತ್ತು.

“ಹೊತ್ತು ಹೊತ್ತು ಕುತ್ತಿಗಿ ಹ್ವಾದಾಕಿ ನಾನು,” ಎಂದಳು. “ನನಗೂ ಸೊನ್ನಿ ಏನ್ರಿ?”