ಹೆಸರು ಕೊರೆದ ಕತ್ತರಿ

“ಹೆಸರು ಅಳಿಸೋಕಾಗುತ್ತಾ ಭಾಯ್?”

ಹಂಪಣ್ಣ ಕತ್ತರಿಯನ್ನು ಲತೀಫನ ಮುಂದಿಟ್ಟು ಸುತ್ತ ನೋಡಿದ. ಪರಿಚಯದವರು ಯಾರೂ ಇರಲಿಲ್ಲ. ಶಿವಾಜಿನಗರದ ಆ ಗಲ್ಲಿಯಲ್ಲಿ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕೊಡ, ತಟ್ಟೆ, ಟಿಫನ್ ಬಾಕ್ಸುಗಳಿಗೆ ಹೆಸರು ಕೊರೆಯುವುದು ಲತೀಫನ ಕಸುಬು. ಅವನು ಕನ್ನಡಕ ಮೇಲೇರಿಸಿ ಕತ್ತರಿಯ ಮೇಲಿದ್ದುದನ್ನು ಓದಿದ. ‘ಹಂಪಣ್ಣ ಟೈಲರ್ಸ್, 2003.’

“ಎಲ್ರೂ ಹೆಸರು ಹಾಕಿಸ್ಕೊಳ್ಳೋಕೆ ಬರ್ತಾರೆ. ಅಳಿಸೋಕೆ ಬಂದೋರು ನೀವೇ ಮೊದಲು. ಕದ್ದ ಮಾಲೇನಣ್ಣಾ?”

“ನಂದೇ. ನಾನೇ ಹಂಪಣ್ಣ.”

“ಮತ್ತೆ ಇರ್ಲಿ ಬಿಡಿ. ಹೆಸರೇನು ಅನ್ನ ಕೇಳುತ್ತಾ?”

ಹಂಪಣ್ಣ ನಗಲಿಲ್ಲ. ಕಾಕ್ಸ್ ಟೌನಿನ ಅಂಗಡಿಗೆ ಬೀಗ ಹಾಕಿ, ದೊಡ್ಡನೆಕ್ಕುಂದಿಯ ಗಾರ್ಮೆಂಟ್ ಕಂಪನಿಗೆ ಹೋಗಿ ಮತ್ತೆ ಕೆಲಸ ಕೇಳುವುದೆಂದು ಅವನು ಬೆಳಗ್ಗೆಯಷ್ಟೇ ತೀರ್ಮಾನಿಸಿದ್ದ. ಅಲ್ಲಿ ಕಟಿಂಗ್‌ನವರು ತಮ್ಮ ಕತ್ತರಿ ತಾವೇ ತರಬೇಕು. ತನ್ನ ಹಳೆಯದನ್ನು ಅಂಗಡಿ ತೆರೆದ ಹುರುಪಿನಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದ. ಇದನ್ನು ಹಿಡಿದು ಮೇಜಿನ ಮುಂದೆ ನಿಂತರೆ ಇಡೀ ಹಾಲ್ ನಗುತ್ತದೆ.

ಹದಿನಾರು ವರ್ಷ ಅಲ್ಲಿ ಬಟ್ಟೆ ಕತ್ತರಿಸಿದ್ದ. ಒಂದು ದಿನವೂ ತಡವಾಗಿ ಹೋದವನಲ್ಲ. ತನ್ನ ಕೆಲಸ ಚೆನ್ನಾಗಿದೆಯೆಂದು ಒಂದು ದಿನವೂ ನಂಬಿದವನಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ ಪರ್ಸನೆಲ್ ಆಫೀಸರ್ ಗುರುಕಿರಣ ಇದ್ದಕ್ಕಿದ್ದಂತೆ ಅವನ ಮೇಜಿನ ಪಕ್ಕ ನಿಲ್ಲತೊಡಗಿದ. “ಈ ಕೈ ಇಟ್ಕೊಂಡು ಇಲ್ಲೇನ್ರೀ ಮಾಡ್ತಿದ್ದೀರಿ ಹಂಪಣ್ಣ? ನಿಮ್ಮಂಥೋರು ಇಲ್ಲಿರಬಾರದು.” ವಾರಕ್ಕೊಮ್ಮೆ ಅದೇ ಮಾತು. ಆಯುಧಪೂಜೆಯ ಹೊತ್ತಿಗೆ ಹಂಪಣ್ಣ ನಂಬಿಬಿಟ್ಟಿದ್ದ.

ರಾಜೀನಾಮೆಯನ್ನು ಗುರುಕಿರಣನೇ ಕೂರಿಸಿಕೊಂಡು ಬರೆಸಿದ: ‘ಸ್ವಂತ ಅಂಗಡಿ ತೆರೆಯುವ ಸಲುವಾಗಿ, ಸ್ವಇಚ್ಛೆಯಿಂದ.’ ಬೆಳಗ್ಗೆ ಹತ್ತಕ್ಕೆ ಪತ್ರ ಕೊಟ್ಟರೆ, ಸಂಜೆ ಐದಕ್ಕೆ ಹಾರ, ಬಾದಾಮಿ ಹಾಲು, ಹೆಸರು ಕೊರೆಸಿದ ಕತ್ತರಿ. ಒಂದೇ ದಿನದಲ್ಲಿ ತನಗಾಗಿ ಇಷ್ಟೆಲ್ಲ ಓಡಾಡಿದರಲ್ಲ ಎಂದು ಹಂಪಣ್ಣನ ಕಣ್ಣು ತುಂಬಿತ್ತು.

ಕೈ ಚೆನ್ನಾಗಿದ್ದರೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ ಎಂದುಕೊಂಡಿದ್ದ. ಬಂದವರು ಜಿಪ್ ಬದಲಾಯಿಸಲು, ಪ್ಯಾಂಟಿನ ಕಾಲು ಮಡಿಸಲು ಬಂದರು. ಒಂದೇ ಅಳತೆಯ ಸಾವಿರ ಶರ್ಟು ಕತ್ತರಿಸಿದ ಕೈಗೆ ಒಬ್ಬ ಮನುಷ್ಯನ ಹೊಟ್ಟೆ, ಇಳಿಬಿದ್ದ ಒಂದು ಭುಜ ತಿಳಿದಿರಲಿಲ್ಲ. ಹಳೆಯ ಜೊತೆಗಾರರಾದರೂ ಬರುತ್ತಾರೆ ಎಂದುಕೊಂಡಿದ್ದ. ಅವರು ರೆಡಿಮೇಡ್ ಶರ್ಟಿನಲ್ಲಿ ಬಂದು, ಟೀ ಕುಡಿದು, ರೆಡಿಮೇಡ್ ಶರ್ಟಿನಲ್ಲೇ ಹೋದರು. ತನಗೆ ತಾನೇ ಯಜಮಾನ ಎಂದುಕೊಂಡಿದ್ದ. ಹತ್ತು ತಿಂಗಳಲ್ಲಿ ಒಂದು ಭಾನುವಾರವೂ ಆ ಯಜಮಾನ ಅವನಿಗೆ ರಜೆ ಕೊಡಲಿಲ್ಲ.

ಪಕ್ಕದ ಕಂಪನಿಯಲ್ಲಿ ಹಳಬರನ್ನು ತೆಗೆದು ಗುತ್ತಿಗೆಯವರನ್ನು ಹಾಕಿಕೊಂಡಾಗ, ಹೋದವರಿಗೆಲ್ಲ ಪರಿಹಾರ ಕೊಡಬೇಕಾಯಿತಂತೆ. ಇವರ ಕಂಪನಿ ಹಾಗಲ್ಲ, ಯಾರನ್ನೂ ತೆಗೆಯಲಿಲ್ಲ. ಅಂಥ ಜಾಗವನ್ನು ತಾನಾಗಿ ಬಿಟ್ಟ ದಡ್ಡ ತಾನೇ ಎಂದು ಹಂಪಣ್ಣ ದಿನವೂ ತನ್ನನ್ನು ಬೈದುಕೊಳ್ಳುತ್ತಿದ್ದ.

ಈಗ ಮನೆ ನಡೆಯುತ್ತಿದ್ದದ್ದು ಹೆಂಡತಿ ಅಂಜಿನಮ್ಮನ ಸಂಬಳದಲ್ಲಿ. ಅದೇ ಕಂಪನಿಯ ಚೆಕಿಂಗ್ ವಿಭಾಗದಲ್ಲಿ ಅವಳಿಗೆ ಒಂಬತ್ತು ವರ್ಷ. ಒಂದು ತಿಂಗಳಿಂದ ಅವಳದೂ ಒಂದೇ ರಾಗ.

“ನಾನೂ ಅಂಗಡಿಗೆ ಬಂದ್ಬಿಟ್ರೆ ಬ್ಲೌಸ್ ಹೊಲಿಯೋಕೆ ತಗೋಬಹುದು ಕಣ್ರೀ. ಹೆಂಗಸರ ಬಟ್ಟೆಯಿಲ್ದೆ ಅಂಗಡಿ ನಡೆಯಲ್ಲ ಅಂತ ಗುರುಕಿರಣ ಸಾರ್ ಕೂಡ ಅಂದ್ರು. ನಮ್ಮ ಕಂಪನಿ ಪಟಾಲಮ್ಮನೂ ಕೆಲಸ ಬಿಟ್ಲು. ಅವಳೂ ಸೇರಿ ಹನ್ನೊಂದು ಜನ ಸ್ವಂತ ಮಾಡ್ಕೊಂಡ್ರು.”

“ಹನ್ನೊಂದು ಜನಾನೂ ಉದ್ಧಾರ ಆದ್ರಾ?”

“ನೀವು ಹೆದರೋದ್ರಲ್ಲೇ ಮುದುಕ ಆಗ್ತೀರ.”

“ಇಬ್ರೂ ಮುಳುಗೋದು ಬೇಡ ಅಂಜಿ. ಆ ಕೆಲಸ ಒಂದಿರ್ಲಿ.”

ಇವತ್ತು ಬೆಳಗ್ಗೆ ಅವಳು ಆ ಮಾತೆತ್ತಲಿಲ್ಲ. “ನಿಮ್ಮ ರಾಜೀನಾಮೆದು ಕಾಪಿ ಎಲ್ಲಿದೆ? ಆಫೀಸಲ್ಲಿ ಬೇಕಿತ್ತು” ಎಂದಳು. ಪಿಎಫ್ ಕೆಲಸವಿರಬೇಕು ಎಂದು ಹಂಪಣ್ಣನೇ ಟ್ರಂಕಿನಿಂದ ಹುಡುಕಿ ಕೊಟ್ಟ. ಅವಳು ಅದನ್ನು ಮಡಿಸಿ ಊಟದ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಓಡಿದಳು. ಮತ್ತೆ ಕೆಲಸ ಕೇಳಲು ಹೋಗುವ ವಿಷಯ ಹೇಳಲು ಬಾಯಿಗೆ ಬಂದಿತ್ತು. ನಾಚಿಕೆಯಿಂದ ನುಂಗಿಕೊಂಡಿದ್ದ.

ಲತೀಫ್ ಕತ್ತರಿಯನ್ನು ಬೆಳಕಿಗೆ ಹಿಡಿದ.

“ಇದು ನಾನೇ ಕೊರೆದಿದ್ದು. ಹೆಸರಿನ ಕೆಳಗೆ ಈ ಬಳ್ಳಿ ನೋಡಿ, ಈ ಗಲ್ಲೀಲಿ ಬೇರೆ ಯಾರೂ ಹಾಕಲ್ಲ.”

“ನೀವೇನಾ? ಆಯುಧಪೂಜೆ ಆದ್ಮೇಲೆ, ಒಂದೇ ದಿನದಲ್ಲಿ ಮಾಡ್ಕೊಟ್ರಲ್ಲ, ದೊಡ್ಡದು.”

“ಒಂದೇ ದಿನದಲ್ಲಾ? ಒಂದು ಡಜನ್ ಕತ್ತರಿ ಅಣ್ಣಾ. ನಾಲ್ಕು ದಿನ ಹಿಡೀತು. ಆಯುಧಪೂಜೆನೂ ಅಲ್ಲ, ಯುಗಾದಿಗಿಂತ ಮುಂಚೆ.”

“ಅದು ಬೇರೆ ಯಾರದೋ ಇರ್ಬೇಕು. ಆಗ ನನಗೆ ಅಂಗಡಿ ಇಡೋ ಯೋಚನೆನೇ ಇರ್ಲಿಲ್ಲ.”

ಲತೀಫನಿಗೆ ಸಿಟ್ಟು ಬಂತು. ಹೆಸರು ತಪ್ಪಾಯಿತೆಂದು ಯಾರೂ ಜಗಳಕ್ಕೆ ಬರಬಾರದೆಂದು ಅವನು ಗಿರಾಕಿಗಳು ಬರೆದುಕೊಟ್ಟ ಚೀಟಿಗಳನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಅದರೊಳಗಿಂದ ಒಂದು ಹಾಳೆ ಎಳೆದು ಹಂಪಣ್ಣನ ಕೈಗಿಟ್ಟ.

ಮೇಲೆ ಕಂಪನಿಯ ಹೆಸರು. ಪಕ್ಕದಲ್ಲಿ ಹೋದ ವರ್ಷದ ಮಾರ್ಚ್ ತಿಂಗಳ ತಾರೀಖು. ಕೆಳಗೆ ಗುರುಕಿರಣನ ಗುಂಡು ಅಕ್ಷರ, ಒಂದರ ಕೆಳಗೊಂದು ಹನ್ನೆರಡು ಸಾಲು. ಮೂರನೆಯದು ಅವನದು. ಬೆರಳಿಟ್ಟು ಓದುತ್ತಾ ಹೋದ. ಎಲ್ಲರೂ ಗೊತ್ತಿದ್ದವರೇ, ಎಲ್ಲರೂ ತಾವಾಗಿ ಬಿಟ್ಟವರೇ. ಹನ್ನೊಂದನೆಯದು ಪಟಾಲಮ್ಮ ಟೈಲರ್ಸ್.

“ಈಗ ಅಳಿಸೋದಾ, ಬೇಡ್ವಾ?” ಎಂದ ಲತೀಫ್.

ಹಂಪಣ್ಣನ ಬೆರಳು ಕೊನೆಯ ಸಾಲಿಗೆ ಇಳಿದಿತ್ತು.

ಅಂಜಿನಮ್ಮ ಟೈಲರ್ಸ್.