ಗೋಡೆ ಸಂದಿಯ ಹಕ್ಕರಕಿ

ಸೊಸೆ ಗುರುಬಾಯಿ ನೀಲವ್ವನ ತಾಟಿಗೆ ಜೋಳದ ರೊಟ್ಟಿ ಹಾಕಿ, ಮೊರದಗಲ ಎಲೆಯ ಪಾಲಕ್ ಪಲ್ಯ ಬಡಿಸಿದಳು. ಮೇಲೆ ಎಲ್ಲರ ಮನೆಯ ಹಾಗೆ ಜೀವಸತ್ವದ ಹನಿ ಹಾಕಿದಳು. ಯೂರಿಯಾ ಉಂಡುಂಡು ಸೊಪ್ಪು ರುಚಿ, ಸತ್ವ ಕಳೆದುಕೊಂಡು ಬರೀ ಮೈ ಬೆಳೆಸಿಕೊಂಡ ಮೇಲೆ, ಅವೆರಡನ್ನೂ ತುಂಬುವ ಈ ಹನಿಯಿಲ್ಲದೆ ಯಾರೂ ಪಲ್ಯ ಮುಟ್ಟುತ್ತಿರಲಿಲ್ಲ.

ನೀಲವ್ವ ಸೆರಗಿನ ಗಂಟು ಬಿಚ್ಚಿದಳು. ಯಾವ ಗೊಬ್ಬರವೂ ತಲುಪದ ಹಾಳುಗೋಡೆಯ ಸಂದಿಯಲ್ಲಿ ಸಿಕ್ಕ ನಾಲ್ಕೆಲೆ ಹಕ್ಕರಕಿ ಸೊಪ್ಪು! ಅವಳು ಸಣ್ಣವಳಿದ್ದಾಗ ಜೋಳದ ಸಾಲಿನ ನಡುವೆ ಇದು ತಾನಾಗಿ ಹುಟ್ಟುತ್ತಿತ್ತು. ಅವ್ವ ಮಣ್ಣು ಕೊಡವಿ, ಹಸಿಯದನ್ನೇ ರೊಟ್ಟಿಯಲ್ಲಿ ಸುತ್ತಿ ಕೊಡುತ್ತಿದ್ದಳು.

ಗುರುಬಾಯಿಯ ಕೈ ರೂಢಿಯಂತೆ ಹನಿಯ ಸೀಸೆಯತ್ತ ಹೋಯಿತು.

"ಬ್ಯಾಡವಾ!" ನೀಲವ್ವ ಎಲೆಗಳಿಗೆ ಅಂಗೈ ಮುಚ್ಚಿದಳು. ರೊಟ್ಟಿಯ ಚೂರಿನಲ್ಲಿ ಎರಡೆಲೆ ಸುತ್ತಿ ಸೊಸೆಯ ಬಾಯಿಗಿಟ್ಟಳು.

ಗುರುಬಾಯಿ ಮೊದಲು ಮುಖ ಕಿವುಚಿದಳು. ಬರಬರುತ್ತ ಅವಳು ಅಗಿಯುವುದು ನಿಧಾನವಾಯಿತು. ನುಂಗಲು ಮನಸ್ಸಿಲ್ಲದವಳ ಹಾಗೆ ಬಾಯಲ್ಲೇ ಇಟ್ಟುಕೊಂಡು ಕೇಳಿದಳು:

"ಅತ್ತಿ, ಇದಕ್ಕ ಮೊದಲೇ ಹನಿ ಹಾಕೀರೇನ್ರಿ?"

ನೀಲವ್ವನಿಗೆ ನಗು ಬಂತು, ಕಣ್ಣೂ ತುಂಬಿತು. ಉಳಿದೆರಡು ಎಲೆಯನ್ನೂ ಸೊಸೆಯ ಕೈಗೇ ಹಾಕಿದಳು.

"ನಾ ಎಲ್ಲಿ ಹಾಕ್ಲೆವಾ? ಹಾಕಿದ್ದು ಆ ಹಾಳ ಗ್ವಾಡಿ."