ಗಟ್ಟಿ ಸ್ಪ್ರಿಂಗ್

ಕಾರಿಗೆ ಹದಿನೈದು ವರ್ಷವಾಗಿದ್ದರೂ ಎಂಜಿನ್ನಿನ ಕಸುವು ಇಳಿದಿರಲಿಲ್ಲ. ತಿರುವಿನಲ್ಲಿ ವಾಲಬಾರದೆಂದು ಅವನು ಹೊಸ ಶಾಕ್ ಅಬ್ಸಾರ್ಬರ್, ಗಟ್ಟಿ ಸ್ಪ್ರಿಂಗ್ ಹಾಕಿಸಿದ. ಹೆಂಡತಿಯ ಸೊಂಟನೋವು ಅವನಿಗೆ ನೆನಪಾದದ್ದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹಂಪ್ ದಾಟಿದಾಗ. ಅವಳು ಕಣ್ಣು ಮುಚ್ಚಿಕೊಂಡಳು, ಏನೂ ಹೇಳಲಿಲ್ಲ.

ಎರಡು ತಿಂಗಳು, ಹಂಪ್ ದಾಟಿದಾಗಲೆಲ್ಲ 'ನೋವಾಯ್ತಾ' ಎಂದು ಕೇಳುತ್ತ, ಆ ಮೌನವನ್ನು ಹೊತ್ತುಕೊಂಡೇ ಕಾರು ಓಡಿಸಿದ. ಕೊನೆಗೆ ಒಂದು ಭಾನುವಾರ ತಿಂಡಿ ತಿನ್ನುತ್ತ ಹೇಳಿದ.

"ಇವತ್ತು ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿಸಿಬಿಡ್ತೀನಿ."

"ಯಾಕ್ರೀ, ಶೋಕಿ ಇಷ್ಟು ಬೇಗ ಮುಗೀತಾ?"

"ತಮಾಷೆ ಬೇಡ. ನನ್ನ ಶೋಕಿಗೆ ನೀನ್ಯಾಕೆ ನೋವು ತಿನ್ನಬೇಕು?"

"ನಾನೇನಾದ್ರೂ ಅಂದ್ನಾ?"

"ಅನ್ನಲಿಲ್ಲ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು."

ಅವಳು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ಚಟ್ನಿಯ ಬಟ್ಟಲನ್ನು ಹತ್ತಿರ ಸರಿಸಿದಳು. ಅವನು ತಲೆ ಎತ್ತಲಿಲ್ಲ.

"ತೆಗೆಸಬೇಡಿ, ಇರಲಿ," ಎಂದಳು. "ನನ್ನ ಸೊಂಟನೋವಿಗೆ ಆರು ವರ್ಷ ಆಯ್ತು. 'ನೋವಾಯ್ತಾ' ಅಂತ ನೀವು ಒಂದು ಮಾತು ಕೇಳೋಕೆ ಶುರು ಮಾಡಿದ್ದು ಈ ಸ್ಪ್ರಿಂಗ್ ಬಂದ ಮೇಲೇನೇ."